ಪಿಳ್ಳೆಯವರ ಮನೆಯಲ್ಲಿ ನಿಮ್ಮಪ್ಪ

ಕುಂಭಕೋಣಂ
9-2-1998, ಸೋಮವಾರ

ನನ್ನ ಪೂಂಗೊಡಿಗೆ ಅಮ್ಮನ ಆಶೀರ್ವಾದ.

ಇನ್ನು ಬೈಗುಳ. ಏಳು ತಿಂಗಳ ಬಸುರಿ ಹೀಗೆ ಹಟ ಹಿಡಿದು ಕೂರುತ್ತಾಳೇನೇ? "ಅಪ್ಪ ತಾವಾಗಿ ಬಾ ಅಂದರೆ ಹೆರಿಗೆಗೆ ಬರುತ್ತೇನೆ, ಇಲ್ಲದಿದ್ದರೆ ನಾಗಪುರದಲ್ಲೇ ಇರುತ್ತೇನೆ" ಎಂದು ಬರೆದಿದ್ದೀಯಲ್ಲ, ಆ ಕಾಗದ ಓದಿದ ಮೇಲೆ ನನಗೆ ಅನ್ನ ಗಂಟಲಲ್ಲಿ ಇಳಿದಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನೆ ನಾವಿಬ್ಬರೂ ಇಲುಪ್ಪಕುಡಿಗೆ ಹೋಗಿದ್ದೆವು. ನಗಬೇಡ. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ನಾವಿಬ್ಬರೇ ಒಂದು ಜಾಗ ನೋಡಲು ಹೊರಟದ್ದು ಇದೇ ಮೊದಲು. ಮುಹೂರ್ತ ಇದ್ದ ದಿನ ಅವರು ಡೋಲು ಹೊತ್ತು ಯಾರದೋ ಮದುವೆಗೆ ಹೋಗುವುದು, ಇಲ್ಲದ ದಿನ ಮಲಗುವುದು, ಇಷ್ಟೇ ತಾನೆ ನಮ್ಮ ಸಂಸಾರ! ನಾಗಸ್ವರದ ಅರುಣಗಿರಿ ಪಿಳ್ಳೆಯವರು ಇದ್ದ ಮನೆಯನ್ನು ಈಗ ಜನ ನೋಡಲು ತೆರೆದಿಟ್ಟಿದ್ದಾರೆ. ಮದುವೆಗೆ ಮುಂಚೆ ಎರಡು ವರ್ಷ ನಿಮ್ಮಪ್ಪ ಪಿಳ್ಳೆಯವರಿಗೆ ಡೋಲು ನುಡಿಸಿದ್ದು ನಿನಗೆ ಗೊತ್ತಲ್ಲ. "ಬದುಕಿರುವಾಗ ಒಂದ್ಸಲ ಕರ್ಕೊಂಡು ಹೋಗ್ರೀ" ಎಂದು ಗಂಟುಬಿದ್ದೆ.

ಇಸ್ತ್ರಿ ಮಾಡಿದ ಜರಿಪಂಚೆ ಉಟ್ಟು, ಅತ್ತರು ಹಚ್ಚಿಕೊಂಡು ಮದುಮಗನ ಹಾಗೆ ಹೊರಟರು. ಬಸ್ ನಿಲ್ದಾಣದಲ್ಲಿ ನಾನು ಕೇಳದೆಯೇ ಎರಡು ಮೊಳ ಮಲ್ಲಿಗೆ ಕೊಂಡು ತಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ವಟವಟ ಎನ್ನುತ್ತಲೇ ಇದ್ದೆ, ಅವರು ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಒಂದಕ್ಕೂ ಎದುರುಮಾತಿಲ್ಲ. ಈ ಮನುಷ್ಯ ಇಷ್ಟು ಒಳ್ಳೆಯವರಾದದ್ದು ಯಾವಾಗಪ್ಪ ಎಂದುಕೊಂಡೆ.

ಮನೆ ದೊಡ್ಡದು. ಪಿಳ್ಳೆಯವರ ಉಯ್ಯಾಲೆ, ಬೆಳ್ಳಿಯ ಎಲೆಯಡಿಕೆ ಪೆಟ್ಟಿಗೆ, ಪದಕಗಳು, ಎಲ್ಲ ಗಾಜಿನ ಹಿಂದೆ. ಒಂದು ಕಡೆ ಡೋಲಿನವರು ಬಾರಿಸುವಾಗ ಬೆರಳಿಗೆ ಹಾಕಿಕೊಳ್ಳುವ ಗಟ್ಟಿ ಗೂಡುಗಳನ್ನಿಟ್ಟಿದ್ದರು. ನೀನು ಚಿಕ್ಕವಳಿದ್ದಾಗ ಬಟ್ಟೆ ಸುತ್ತಿ ಅಂಟು ಮೆತ್ತಿ ಒಣಗಿಸಲು ನಿಮ್ಮಪ್ಪನಿಗೆ ಸಹಾಯ ಮಾಡುತ್ತಿದ್ದೆಯಲ್ಲ, ಅವೇ. ಕೆಳಗೆ ಚೀಟಿ: "ವಿದ್ವಾಂಸರ ಪತ್ನಿ ಹೊಲಿಗೆಗೆ ಬಳಸುತ್ತಿದ್ದ ಬೆರಳುಗವಸು." ನಿಮ್ಮಪ್ಪ ಬಿಟ್ಟಾರೆಯೇ? ಮನೆ ತೋರಿಸುತ್ತಿದ್ದ ಅಂಜಲೈಯನ್ನು ಕರೆದು, "ಏನಮ್ಮ, ಇದನ್ನ ಹಾಕ್ಕೊಂಡು ಆ ತಾಯಿ ರವಿಕೆ ಹೊಲಿದ್ರಾ, ಗೋಣಿಚೀಲ ಹೊಲಿದ್ರಾ?" ಎಂದರು. ಅವಳು ನಕ್ಕು, "ಅಯ್ಯೋ ಅಣ್ಣಾ, ಚೀಟಿ ಬರೆದೋರು ಆಫೀಸಿನೋರು, ಬೈಸ್ಕೊಳ್ಳೋಳು ನಾನು" ಎಂದಳು.

ಆಮೇಲೆ ನಡುಮನೆಯಲ್ಲಿ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, ಪಿಳ್ಳೆಯವರ ಹಳೆಯ ಕಚೇರಿಯ ಟೇಪು ಹಾಕಿದರು. ದೇವರ ಮೆರವಣಿಗೆಗೆ ನುಡಿಸುವ ಮಲ್ಲಾರಿ ಶುರುವಾದೊಡನೆ ನನ್ನ ಮೈ ಜುಮ್ಮೆಂದಿತು. ಅದರಲ್ಲಿ ಡೋಲು ನಿಮ್ಮಪ್ಪನದೇ! ಅವರು ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿ, ನನ್ನ ಪಕ್ಕ ಬಂದು ಕೂತು, ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು.

ಅಷ್ಟರಲ್ಲಿ ಕರೆಂಟು ಹೋಯಿತು. ಟೇಪು ನಿಂತಿತು. ಜನ "ಛೇ" ಎಂದರು. ನಿಮ್ಮಪ್ಪ ಮಾತ್ರ ನಿಲ್ಲಿಸಲಿಲ್ಲ. ತಾಳ ಹಾಕುತ್ತಲೇ ಇದ್ದರು. "ನೋಡ್ರಪ್ಪ, ಇದು ಭಕ್ತಿ ಅಂದ್ರೆ" ಎಂದ ಹಿಂದೆ ಕೂತವನು. ನಾನೂ ಹೆಮ್ಮೆಯಿಂದ ಬೀಗಿದೆ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಟೇಪು ನಿಂತಲ್ಲಿಂದಲೇ ಮುಂದುವರಿಯಿತು. ಅವರ ಕೈ ಆಗಲೇ ಬಹಳ ಮುಂದೆ ಹೋಗಿತ್ತು. ಇಲ್ಲಿ ನಾಗಸ್ವರ ಇನ್ನೂ ಅರ್ಧದಲ್ಲಿದೆ, ಅವರು ಕೊನೆಯ ಮುಕ್ತಾಯ ಹಾಕಿ, ಕಣ್ಣು ತೆರೆದು, ಬೆವರು ಒರೆಸಿಕೊಂಡು ಹೇಳಿದರು: "ಮುಗೀತು. ಹೇಗಿತ್ತು ತೈಯಲು?"

ಟೇಪಿನಲ್ಲಿ ಅವರದೇ ಡೋಲು ಗುಡುಗುತ್ತಿತ್ತು, ಪೂಂಗೊಡಿ.

ಎದ್ದು ಅವರ ಬೆನ್ನ ಹಿಂದೆ ಹೋಗಿ "ರೀ" ಎಂದು ಕೂಗಿದೆ. ತಿರುಗಲಿಲ್ಲ. ಕೈಹಿಡಿದು ಹಿತ್ತಲಿನ ಕೊಳದ ಮೆಟ್ಟಿಲಿಗೆ ಕರೆದೊಯ್ದು, ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಮೊದಲು ಮಾತು ಹಾರಿಸಿದರು. ಆಮೇಲೆ ಒಪ್ಪಿಕೊಂಡರು. ಎರಡು ವರ್ಷವಾಯಿತಂತೆ. ಮೊದಲು ಎಡಗಿವಿ, ಆಮೇಲೆ ಬಲಗಿವಿಯೂ ಹೋಯಿತಂತೆ. ನಾಗಸ್ವರದವನ ಕೆನ್ನೆ, ಬೆರಳು ನೋಡಿಕೊಂಡೇ ನುಡಿಸುತ್ತಿದ್ದಾರಂತೆ.

"ಮತ್ತೆ ನಾನು ಹೇಳೋದು?" ಎಂದೆ.

"ನಿನ್ನ ಬಾಯಿ ನೋಡಿದ್ರೆ ಸಾಕು. ಮೂವತ್ತು ವರ್ಷದಿಂದ ಅದೇ ಬೈಗುಳ ತಾನೆ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮಗಳು ಫೋನ್ ಮಾಡಿದ್ರೆ ಹೂಂ ಅಂದು ನನ್ನ ಕೈಗೆ ಕೊಟ್ಟುಬಿಡ್ತೀರಲ್ಲ?"

"ಫೋನಲ್ಲಿ ಅವಳ ಬಾಯಿ ಕಾಣಲ್ವಲ್ಲೇ," ಎಂದವರು ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತರು. ನಿಮ್ಮಪ್ಪ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. "ನಿಮಗೆ ಕೋಪ ಅಂತ ತಿಳಿದು ಅವಳು ಹೆರಿಗೆಗೂ ಬರಲ್ಲ ಅಂತಿದ್ದಾಳೆ" ಎಂದೆ. "ಕೋಪವಾ? ನಂಗಾ? ಯಾರು ಹೇಳಿದ್ದು ಅವಳಿಗೆ?" ಎಂದು ಕೇಳಿದರು. ನಾನು ಕೊಳದ ಕಡೆ ನೋಡಿದೆ.

ಡೋಲಿನವನಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದರೆ ಮುಂದಿನ ಮುಹೂರ್ತಕ್ಕೆ ಯಾರೂ ಕರೆಯುವುದಿಲ್ಲವೆಂದು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ. ನಿನಗೂ ಹೇಳಬಾರದಂತೆ. ಆಣೆ ಮುರಿದ ಪಾಪ ನನಗಿರಲಿ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಎಲೆಯಲ್ಲಿ ಪುಳಿಯೋಗರೆ ತಿಂದೆವು. ಅವರಿಗೆ ಕಾಣುವ ಹಾಗೆ ಎದುರಿಗೇ ಕೂತೆ.

ನಾಗಪುರದಿಂದ ಹೊರಡುವ ದಿನವನ್ನು ಅಪ್ಪನಿಗೇ ಕಾಗದದಲ್ಲಿ ಬರೆ, ದೊಡ್ಡ ಅಕ್ಷರದಲ್ಲಿ. ಅಳಿಯಂದಿರಿಗೂ ಬರಲು ಹೇಳು.

ನಿನ್ನನ್ನು ಕಾಯುತ್ತಿರುವ
ಅಮ್ಮ, ತೈಯಲ್‌ನಾಯಕಿ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು: ಮೂರು ವರ್ಷದ ಹಿಂದೆ, ರಿಜಿಸ್ಟರ್ ಕಚೇರಿಯಲ್ಲಿ ಮದುವೆಯಾಗಿ ಫೋನ್ ಮಾಡಿ "ಅಪ್ಪ ಏನಂದ್ರು?" ಎಂದು ಕೇಳಿದೆಯಲ್ಲ. "ನಿನ್ನ ಮುಖ ನೋಡಲ್ಲ ಅಂದ್ರು" ಎಂದೆ. ಅವರು ಹಾಗೆ ಅನ್ನಲೇ ಇಲ್ಲ. "ಹುಡುಗ ಒಳ್ಳೆಯವನಾ?" ಎಂದಷ್ಟೇ ಕೇಳಿದ್ದರು. ಊರ ಹೆಣ್ಣುಮಕ್ಕಳಿಗೆಲ್ಲ ಗಟ್ಟಿಮೇಳ ಬಾರಿಸಿದವರ ಮಗಳು ಮೇಳವಿಲ್ಲದೆ, ನನಗೊಂದು ಮಾತು ಹೇಳದೆ ತಾಳಿ ಕಟ್ಟಿಸಿಕೊಂಡಳಲ್ಲ ಎಂದು ಕುದಿದವಳು ನಾನು. ನನ್ನ ಕೋಪವನ್ನು ಅವರ ಹೆಸರಿನಲ್ಲಿ ಹೇಳಿದೆ. ಇದನ್ನು ಅವರಿಗೆ ಇನ್ನೂ ತಿಳಿಸಿಲ್ಲ. ನೀನು ಬಾ. ನಿಮ್ಮಿಬ್ಬರ ಎದುರಿಗೇ ನಿಂತು, ಅವರಿಗೆ ಕಾಣುವ ಹಾಗೆ ನಿಧಾನವಾಗಿ ಬಾಯಿಬಿಟ್ಟು ಹೇಳುತ್ತೇನೆ.