ತಿಮ್ಮವ್ವನ ಕೊಡೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

ಮಾಳಿಗೆ ತುಂಬ ಸಂಡಿಗೆ. ಕೆಳಗಿನ ಮನೆಯ ಓನರ್ ತಿಮ್ಮವ್ವ ಆರಕ್ಕೇ ಎದ್ದು ಹಳೆ ಪಂಚೆ ಹಾಸಿ ಇಟ್ಟು ಹೋಗಿದ್ದಾಳೆ. ಕಾಗೆ ಬರದಿರಲಿ ಅಂತ ಮೂಲೆಯಲ್ಲಿ ತೀರಿಹೋದ ಗಂಡನ ಕರೀ ಕೊಡೆ ಬಿಚ್ಚಿಟ್ಟಿದ್ದಾಳೆ. ಹರಿದ ಕಡೆ ನೀಲಿ ತೇಪೆ. ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ನನಗೆ ಕಾವಲಿನ ಡ್ಯೂಟಿ. ಚಿತ್ರ ಬರೆಯುವುದು, ನಡುನಡುವೆ ಹುಶ್ ಅನ್ನುವುದು.

ಆಶಾರಾಣಿ ಮೇಡಂ ಫೋನು — ಭಾನುವಾರದ ಪುರವಣಿಯವರು. ಹೊಸ ಅಂಕಣವಂತೆ. ಕಲಾವಿದರು ಈಚೆಗೆ ನೋಡಿದ್ದು, ಕೇಳಿದ್ದು, ಓದಿದ್ದರಲ್ಲಿ ಇಷ್ಟವಾದ ಐದು. ಹದಿನೈದು ವರ್ಷ ಬೇರೆಯವರ ಕಥೆಗೆ ಚಿತ್ರ ಬರೆದೆ. ನಿನಗೇನಿಷ್ಟ ಅಂತ ಯಾರೂ ಕೇಳಿರಲಿಲ್ಲ. ಕುಣಿಯುವಷ್ಟು ಖುಷಿ.

ಕೊನೆಗೊಂದು ಬಾಲ: "ಐದನೇದು ಗುರುಮೂರ್ತಿ ಸರ್ ಚಿತ್ರನೇ ಇರ್ಲಿ. ಪ್ರಶಸ್ತಿ ಬಂದೈತಲ್ರಿ. ನಿಮ್ಮ ಮೇಷ್ಟ್ರು ಬ್ಯಾರೆ."

ಹೂಂ ಅಂದೆ. ಚಿತ್ರ ಇನ್ನೂ ನೋಡಿಲ್ಲ.

ಮಾರ್ಚ್ 4

ಪಟ್ಟಿ. ಒಂದು, ಹರಿಹರದ ಪೇಂಟರ್ ಸಿಕಂದರ್ ಲಾರಿಯ ಹಿಂದೆ ಬರೆದ ನವಿಲು — ಬಾಲ ನಂಬರ್ ಪ್ಲೇಟಿಗೇ ಅಡ್ಡ ಬಂದಿದೆ, ಆದರೂ ಚಂದ. ಎರಡು, ಮಾತೇ ಇಲ್ಲದ ಒಂದು ಅನಿಮೇಷನ್ ಸಿನಿಮಾ. ಮುದುಕ, ಕತ್ತೆ, ಅಷ್ಟೆ. ಎರಡು ಸಲ ನೋಡಿದೆ, ಎರಡು ಸಲವೂ ಅತ್ತೆ. ಮೂರು, ಕಂಪನಿ ನಾಟಕದ ಹಾರ್ಮೋನಿಯಂ ಮಾಸ್ತರು. ನಾಲ್ಕು, ಕೊಂಡಜ್ಜಿ ಕೆರೆ ಏರಿಯ ಮೇಲೆ ಸ್ಕೌಟ್ ಮಕ್ಕಳ ಹಾಡು, ಒಬ್ಬೊಬ್ಬರದು ಒಂದೊಂದು ಶ್ರುತಿ.

ಐದು ಖಾಲಿ.

ಮಾರ್ಚ್ 6, ಗುರುವಾರ

ನೋಡಿದೆ. ಪೇಪರಿನಲ್ಲಿ ಅರ್ಧ ಪುಟ. ಸರ್ ಸಂದರ್ಶನ, ಪಕ್ಕದಲ್ಲಿ ಆ ಚಿತ್ರ.

ನನ್ನ ಚಿತ್ರ! ಇದೇ ಮಾಳಿಗೆ, ಇದೇ ತಿಮ್ಮವ್ವ. ಬಾಗಿದ ಬೆನ್ನು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಇಟ್ಟಿಗೆ ಕೊಟ್ಟು ನಿಲ್ಲಿಸಿದ ಮೂರು ಕಾಲಿನ ಸ್ಟೂಲು. 2023ರ ಬೇಸಿಗೆಯಲ್ಲಿ ಸ್ಕೆಚ್ ಬುಕ್ಕಿನಲ್ಲಿ ಬರೆದದ್ದು. "ನೋಡಿ ಕೊಡ್ತೀನಿ ಪುಷ್ಪಾ" ಅಂತ ಸರ್ ಒಯ್ದು ಮೂರು ತಿಂಗಳು ಇಟ್ಟುಕೊಂಡಿದ್ದರು.

ಕೊಡೆಯನ್ನು ಮಾತ್ರ ಕಾಗೆ ಮಾಡಿದ್ದಾರೆ. ನಾನು ಗಡಿಬಿಡಿಯಲ್ಲಿ ಗೀಚಿದ್ದೆ, ನೀಲಿ ತೇಪೆಗೆ ಮಾತ್ರ ಬಣ್ಣ ಹಾಕಿದ್ದೆ. ಅದು ಕೊಡೆ ಅಂತ ಆ ಮನುಷ್ಯನಿಗೆ ಗೊತ್ತೇ ಆಗಿಲ್ಲ. ರೆಕ್ಕೆ ಹರಡಿದ ದೊಡ್ಡ ಕಾಗೆ, ರೆಕ್ಕೆಯ ಮೇಲೆ ನೀಲಿ ಚೌಕ. ಸಂದರ್ಶನದಲ್ಲಿ ಅಪ್ಪಣೆ ಕೊಡಿಸಿದ್ದಾರೆ: "ಕಾಗೆ ಎಂದರೆ ಸಾವು. ಆ ನೀಲಿ, ಸಾವಿನೊಳಗೂ ಉಳಿಯುವ ಆಕಾಶ."

ಆಕಾಶವಂತೆ. ತಿಮ್ಮವ್ವನ ರವಿಕೆ ತುಂಡು ಅದು!

ಮಾರ್ಚ್ 7

ಸ್ಕೆಚ್ ಬುಕ್ ಹುಡುಕಿ ತೆಗೆದೆ. ಆ ಪುಟವನ್ನು ಬೆಳಕಿಗೆ ಓರೆ ಹಿಡಿದೆ. ತುಂಬ ಚೌಕ ಚೌಕ ಗೆರೆ — ಸಣ್ಣ ಚಿತ್ರವನ್ನು ನೋಡಿ ದೊಡ್ಡದು ಬರೆಯುವಾಗ ಹಾಕಿಕೊಳ್ಳುವಂಥವು. ಅಳಿಸಿದ್ದಾರೆ. ಪೆನ್ಸಿಲ್ ಹೋಗಿದೆ, ಒತ್ತಿದ ಗುರುತು ಉಳಿದಿದೆ. ಫಸ್ಟ್ ಇಯರಿನಲ್ಲಿ ಹೇಳಿಕೊಟ್ಟವರೇ ಇವರು: "ಒತ್ತಿ ಗೆರೆ ಎಳೀಬ್ಯಾಡ್ರಿ. ಆಮೇಲೆ ಅಳಿಸಿದ್ರೂ ಹೋಗಲ್ಲ."

ಮೊದಲ ಕೆಲಸ ಕೊಡಿಸಿದ್ದು ಅವರೇ, ಇಲ್ಲ ಅನ್ನುವುದಿಲ್ಲ. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯುತ್ತಿದೆ. ನನ್ನ ಚಿತ್ರಕ್ಕೆ ನನ್ನ ಹೆಸರು ಬೇಕು. ನಾಲ್ಕು ಜನರ ಮುಂದೆ ಬೇಕು. ಕೂಗಾಡಿದರೆ ಶಿಷ್ಯೆಗೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಕೂಗಾಡುವುದಿಲ್ಲ.

ಮಾರ್ಚ್ 12

ಶನಿವಾರ ಹರಿಹರದಲ್ಲಿ ಸರ್‌ಗೆ ಸನ್ಮಾನ. ಚಿತ್ರವನ್ನೂ ಇಡುತ್ತಾರೆ. ಆಶಾರಾಣಿ ಮೇಡಂ ಬರುತ್ತಾರೆ.

ತಿಮ್ಮವ್ವನನ್ನು ಕೇಳಿದೆ, ಬರ್ತೀಯೇನವ್ವ ಅಂತ.

"ಬರ್ತೀನಿ ತಗಾ. ಹರಿಹರೇಶ್ವರನ್ನ ನೋಡಿ ಭಾಳ ದಿನ ಆತು."

ಚಿತ್ರದ ಸುದ್ದಿ ಎತ್ತಲಿಲ್ಲ. ಪಾಪ ಅನ್ನಿಸಿತು. ಒಂದು ನಿಮಿಷ.

ಮಾರ್ಚ್ 15, ಶನಿವಾರ. ವಾಪಸ್ ಬಸ್ಸಿನಲ್ಲಿ, ಸಂಜೆ 6

ಅಕ್ಷರ ಕುಣಿಯುತ್ತಿದೆ. ಕುಣಿಯಲಿ.

ಹಾಲ್ ತುಂಬ ಜನ. ತಿಮ್ಮವ್ವ ಚಿತ್ರದ ಮುಂದೆ ನಿಂತಳು. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಮುಖ ಅರಳಿತು! ಹಾರ ಹಾಕಿಸಿಕೊಂಡು ನಿಂತಿದ್ದ ಸರ್ ಹತ್ತಿರ ಸೀದಾ ಹೋಗಿ ಕೈಮುಗಿದಳು.

"ಯಪ್ಪಾ, ನನ್ನ ಎಷ್ಟು ಚಂದ ಬರ್ದೀರಿ! ನಮ್ಮ ಮಾಳಿಗೆ ಮ್ಯಾಲೆ ಯಾವಾಗ ಬಂದಿದ್ರಿ?"

ಎಲ್ಲರೂ ನಕ್ಕರು. ಸರ್ ಕೂಡ. "ಇದು ಕಲ್ಪನೆ ಅಮ್ಮ. ತಾಯಂದಿರೆಲ್ಲ ಹಿಂಗೇ ಇರ್ತಾರೆ."

"ಇರಬೋದ್ರಿ. ಆದ್ರೆ ಈ ಕೊಡೆ ನಮ್ಮನೆಯವ್ರುದು."

"ಅದು ಕಾಗೆ ಅಮ್ಮ."

"ಕಾಗೆಗೆ ಯಾರಾರ ತೇಪೆ ಹಾಕ್ತಾರೇನ್ರಿ? ನಾನೇ ಹೊಲ್ದಿದ್ದು. ನನ್ನ ರವಿಕೆ ಬಟ್ಟೆ."

ಈ ಸಲ ಯಾರೂ ನಗಲಿಲ್ಲ. ಸರ್ ಕಣ್ಣು ಜನರ ನಡುವೆ ನನ್ನನ್ನು ಹುಡುಕಿತು. ಸಿಕ್ಕಿದೆ. ತಗ್ಗಿ ನಮಸ್ಕಾರ ಮಾಡಿದೆ. ಆಶಾರಾಣಿ ಮೇಡಂ ಕೈಗೆ ಸ್ಕೆಚ್ ಬುಕ್ ಕೊಟ್ಟು, "ಐದನೇದು ಇದ್ರಾಗೈತ್ರಿ" ಅಂದೆ. ಆ ಪುಟದ ಫೋಟೋ ತೆಗೆದುಕೊಂಡರು.

ಈಗ ಪಕ್ಕದ ಸೀಟಿನಿಂದ ತಿಮ್ಮವ್ವ: "ಆ ಸರ್ ಯಾಕ ಮುಖ ಸಣ್ಣ ಮಾಡ್ಕೊಂಡ್ರು? ನಾನೇನರ ತಪ್ಪಂದ್ನಾ?"

"ಇಲ್ಲವ್ವ. ಸರಿಯಾಗೇ ಅಂದಿ."

ಮಾರ್ಚ್ 23, ಭಾನುವಾರ. ಬೆಳಿಗ್ಗೆ 9

ಬಂತು! ನವಿಲು, ಕತ್ತೆ, ಹಾರ್ಮೋನಿಯಂ, ಮಕ್ಕಳ ಹಾಡು. ಐದು: ತಿಮ್ಮವ್ವನ ಕೊಡೆ. ಪಕ್ಕದಲ್ಲಿ ನನ್ನ ಚಿತ್ರ, ತಾರೀಖು ಸಮೇತ, ಹೆಸರು ಸಮೇತ. ಸರ್ ಬಗ್ಗೆ ಒಂದಕ್ಷರವಿಲ್ಲ. ಕೊನೆಗೆ ಒಂದು ಸಾಲು ಸೇರಿಸಿದ್ದೆ, ಅದೂ ಇದೆ: ಇದು ಕಾಗೆ ಅಲ್ಲ.

ಮೂರು ಸಲ ಓದಿದೆ. ಬಾಯಿಗೆ ಸಕ್ಕರೆ ಹಾಕಿಕೊಂಡ ಹಾಗಿದೆ.

9.40

ಗೇಟಿನ ಸದ್ದು. ಸರ್. ಒಬ್ಬರೇ. ಕೈಯಲ್ಲಿ ಪೇಪರ್. ಒಂದೇ ವಾರಕ್ಕೆ ಇಳಿದುಹೋಗಿದ್ದಾರೆ. ಕನಿಕರ ಬರಬೇಕಿತ್ತು. ಬರಲಿಲ್ಲ.

ಕೆಳಗೆ ತಿಮ್ಮವ್ವನ ದನಿ: "ಬರ್ರಿ, ಕೂಡ್ರಿ. ಸಂಡಿಗೆ ಕರ್ದೀನಿ, ತಿನ್ರಿ. ಆಮೇಲೆ ಮಾಳಿಗೆ ತೋರಿಸ್ತೀನಿ. ಅವತ್ತು ನೋಡೇ ಇಲ್ಲ ಅಂದ್ರಲ್ಲ."

ಓಡಿಹೋಗಿ ಕೊಡೆ ಬಿಚ್ಚಿಟ್ಟೆ, ತೇಪೆ ಮೆಟ್ಟಿಲ ಕಡೆಗೆ. ಸ್ಟೂಲಿನ ಮೇಲೆ ಸ್ಕೆಚ್ ಬುಕ್, ಅದೇ ಪುಟ. ಓರೆ ಬಿಸಿಲಿಗೆ ಚೌಕಗಳೆಲ್ಲ ಎದ್ದು ಕಾಣುತ್ತಿವೆ. ಇವತ್ತು ಅವರೇ ಬಾಯಿಬಿಟ್ಟು ಹೇಳಬೇಕು. ತಿಮ್ಮವ್ವನ ಎದುರಿಗೆ.

ಮೆಟ್ಟಿಲ ಮೇಲೆ ಹೆಜ್ಜೆ. ನಿಂತರು... ಮತ್ತೆ ಹತ್ತುತ್ತಿದ್ದಾರೆ. ಬಂದರು. ಹಿಂದೆಯೇ ತಿಮ್ಮವ್ವ. ನಾನು ತಲೆ ಎತ್ತುವುದಿಲ್ಲ, ಬರೆಯುತ್ತಲೇ ಇರುತ್ತೇನೆ. ಬಗ್ಗಿದರು. ತೇಪೆ ಮುಟ್ಟಿದರು.

"ಪುಷ್ಪಾ, ಇದು ಕೊಡೆನೇ."