ರೊಟ್ಟಿ ಹಂಚಿನ ಚಕ್ಕೆ

ಆದವಾನಿ
14 ಡಿಸೆಂಬರ್ 2024, ಶನಿವಾರ

ನನ್ನ ಜೀವದ ಗೆಳತಿ ಸುಹಾಸಿನಿ,

ಕಾಗದ ನೋಡಿ ಗಾಬರಿಯಾಗಬೇಡ ಮಾರಾಯ್ತಿ, ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ನಗುತ್ತೀಯ, ಎಲ್ಲಿಗೆ ಬಂದೆ ಅಂತ ನನಗೇ ಮರೆಯುತ್ತದೆ. ಮೇಲಾಗಿ ನಮ್ಮ ಎರಡು ಕೋಣೆಯ ಮನೆಯಲ್ಲಿ ಪಿಸುಗುಟ್ಟಿದರೂ ಅವ್ವನ ಕಿವಿಗೆ ಬೀಳುತ್ತದೆ. ಅದಕ್ಕೇ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಬರೆಯುತ್ತಿದ್ದೇನೆ. ಬಳ್ಳಾರಿಯ ಬಿಸಿಲಿಗೆ ನಿನ್ನ ಅತ್ತೆ ಮಲಗಿದ ಮೇಲೆ ನಿಧಾನವಾಗಿ ಓದು.

ಹೋದ ಭಾನುವಾರ ನನ್ನನ್ನು ನೋಡಲು ಮಾಧವರಂನಿಂದ ಬಂದಿದ್ದರಲ್ಲ, ಅದರ ಕಥೆ ಇದು. ಹುಡುಗನ ಹೆಸರು ಭರತ್. ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ತಂದೆ ತಾಯಿ ಇಲ್ಲ, ಸಾಕಿ ಬೆಳೆಸಿದವಳು ಅಜ್ಜಿ ಉಚ್ಚಮ್ಮ. ಆ ಮನೆಯಲ್ಲಿ ಆಕೆ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಜೊತೆಗೆ ಚಿಕ್ಕಪ್ಪ ತಿರುಮಲೇಶ್ ಬಂದಿದ್ದ. ಮಧ್ಯಾಹ್ನ ಇಲ್ಲೇ ಯಾರದೋ ಮದುವೆಗೆ ಹೋಗುವುದಿತ್ತಂತೆ, ಹಾಗಾಗಿ ಬೆಳಬೆಳಿಗ್ಗೆಯೇ ನಮ್ಮ ಮನೆಗೆ ಬಂದುಬಿಟ್ಟರು. ತಿನ್ನಲು ಮಂಡಕ್ಕಿಯ ಉಗ್ಗಾಣಿ, ಮಿರ್ಚಿ. ಚಳಿಯಿತ್ತಲ್ಲ, ಕುಡಿಯಲು ಚಹಾದ ಬದಲು ನಮ್ಮ ಮನೆಯ ಚಕ್ಕೆ ಕಷಾಯ. ನಿನಗೆ ನೆನಪಿರಬೇಕು. ದಾಲ್ಚಿನ್ನಿ ಚಕ್ಕೆ, ಶುಂಠಿ, ಮೆಣಸು, ಬೆಲ್ಲ, ಇಳಿಸಿದ ಮೇಲೆ ಹಾಲು. ಪರೀಕ್ಷೆಯ ದಿನ ನಮ್ಮ ಮನೆಗೆ ಬಂದು, ಸಜ್ಜೆ ರೊಟ್ಟಿ ಮುರಿದು ಬೆಲ್ಲ ತುಪ್ಪ ಚಕ್ಕೆ ಪುಡಿ ಕಲೆಸಿದ ಮಲೀದ ತಿಂದು, ಮೇಲೆ ಅದನ್ನು ಕುಡಿದು ಹೋಗುತ್ತಿದ್ದೆಯಲ್ಲ, ಅದೇ.

ಹೆಣ್ಣು ನೋಡುವ ದಿನದ ಸುಳ್ಳು ನಿನಗೆ ಗೊತ್ತೇ ಇದೆ. ಒಲೆಯ ಮುಂದೆ ಬೆವರಿದವರು ಯಾರೇ ಇರಲಿ, ಎಲ್ಲ ಹುಡುಗಿಯೇ ಮಾಡಿದ್ದು. ನಿನ್ನ ಸಲ ಬೇಕರಿಯ ಮೈಸೂರು ಪಾಕು ನಿನ್ನ ಕೈಯದಾಗಿರಲಿಲ್ಲವೇ? ನಮ್ಮ ಅವ್ವನೂ ಹಾಗೇ ಅಂದಳು. ಉಗ್ಗಾಣಿ ನಾನೇ ಮಾಡಿದ್ದು, ದೇವರಾಣೆ. ಆದರೆ ಕಷಾಯ ಮಾತ್ರ ಅಪ್ಪನದು.

ಬಾಯಿ ಮುಚ್ಚಿಕೋ, ನೊಣ ಹೋದೀತು. ಹೌದು, ನಮ್ಮ ಅಪ್ಪ ಬಜಾರಪ್ಪನೇ. ಹತ್ತಿ ಮಾರ್ಕೆಟ್ಟಿನ ಹಮಾಲರ ಮೇಸ್ತ್ರಿ, ಆ ಮೀಸೆ, ಆ ಗಂಟಲು. ನಾನು ಕಣ್ಣು ಬಿಟ್ಟಾಗಿನಿಂದ ನಮ್ಮ ಮನೆಯಲ್ಲಿ ಬೆಳಗಿನ ಕಷಾಯ ಅಪ್ಪನದೇ. ಅವ್ವ ಏಳುವ ಮೊದಲು ಎದ್ದು, ಓಣಿಯ ಕಡೆಯ ಅಡುಗೆಮನೆ ಕಿಟಕಿ ಮುಚ್ಚಿ, ಮಾಡಿಟ್ಟು, ಕಿಟಕಿ ತೆರೆದು, ಏನೂ ಆಗಿಲ್ಲವೆಂಬಂತೆ ಹೊರಗೆ ಕಟ್ಟೆಯ ಮೇಲೆ ಕೂತುಬಿಡುತ್ತಾನೆ. ಓಣಿಯವರಿಗೆ ಗೊತ್ತಾದರೆ ಹೆಂಡತಿ ಗುಲಾಮ ಅಂತಾರೆ, ಹಮಾಲರು ನಕ್ಕರೆ ನಾಳೆ ಯಾರು ಇವನ ಮಾತು ಕೇಳುತ್ತಾರೆ ಅನ್ನುವುದು ಅವ್ವನ ಅಂಜಿಕೆ. ಅದಕ್ಕೇ ನಿನಗೂ ಹೇಳಿರಲಿಲ್ಲ.

ಸರಿ, ಅಜ್ಜಿ ಒಂದು ಗುಟುಕು ಕುಡಿದಳು. ಲೋಟವನ್ನು ಮೂಗಿನ ಹತ್ತಿರ ಹಿಡಿದಳು. ಇನ್ನೊಂದು ಗುಟುಕು. ಇದರಲ್ಲಿ ಏನೇನು ಹಾಕಿದ್ದೀಯ ಅಂತ ಕೇಳಿದಳು. ನಾನು ಗಿಳಿಪಾಠ ಒಪ್ಪಿಸಿದೆ. ಆಕೆ ತಲೆ ಅಲ್ಲಾಡಿಸಿದಳು.

“ಅದು ಅಲ್ಲಮ್ಮಾ. ಅವೆಲ್ಲಾ ನಮ್ಮ ಮನ್ಯಾಗೂ ಹಾಕ್ತೀವಿ. ಇದರಾಗ ಇನ್ನೊಂದೇನೋ ಐತಿ.”

ನನಗೆ ಗೊತ್ತಿದ್ದರೆ ತಾನೆ! ಅಪ್ಪನ ಮುಖ ನೋಡಿದೆ, ಅಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ. ಅವ್ವ ನಡುವೆ ಬಾಯಿ ಹಾಕಿ, ಅದು ಆಕಿ ಕೈಗುಣ ಅಂದಳು. ಹಾಗಾದರೆ ಗುರುವಾರ ಮಂತ್ರಾಲಯಕ್ಕೆ ಬಂದು, ರಾಯರ ದರ್ಶನ ಮಾಡಿಕೊಂಡು ನಮ್ಮ ಮನೆಗೆ ಬರ್ರಿ, ಹುಡುಗಿ ನಮ್ಮ ಒಲೆಯ ಮೇಲೆ ಇದನ್ನೇ ಮಾಡಲಿ, ಆಮೇಲೆ ಮುಂದಿನ ಮಾತು ಅಂತ ಅಜ್ಜಿ ಎದ್ದುಬಿಟ್ಟಳು.

ಸುಹಾಸಿನಿ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ನನಗೆ ಆ ಹುಡುಗ ಹಿಡಿಸಿದ್ದ. ಬೇರೆಯವರ ಹಾಗೆ ಎಷ್ಟು ಓದಿದ್ದೀಯ, ಅಡುಗೆ ಬರುತ್ತಾ ಅಂತ ಕೇಳಲಿಲ್ಲ. ಕಣ್ಣಿನ ನಂಬರು ಹೇಗೆ ಕಂಡುಹಿಡಿಯುತ್ತೀರಿ ಅಂತ ಕೇಳಿದ. ಹೇಳಿದರೆ ಕೇಳಿಸಿಕೊಂಡ. ಒಂದು ಲೋಟ ಕಷಾಯಕ್ಕೆ ಇವನು ಕೈತಪ್ಪಿ ಹೋದರೆ ಅಂತ ನನಗೆ ಅನ್ನ ಸೇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಇನ್ನೊಂದೇನೋ ಏನು ಅನ್ನುವುದು ತಲೆ ಕೊರೆಯತೊಡಗಿತು. ಇಷ್ಟು ವರ್ಷ ಕುಡಿದವಳು ನಾನು, ಒಂದು ಗುಟುಕಿಗೆ ಕಂಡುಹಿಡಿದವಳು ಆ ಅಜ್ಜಿ!

ಮರುದಿನ ನಸುಕಿನಲ್ಲೇ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಪ್ಪ ಬೆಚ್ಚಿಬಿದ್ದು, ಹೋಗಿ ಮಲಗು ಅಂದ. ನಾನು ಹೋಗಲಿಲ್ಲ. ಅಪ್ಪ ಮೊದಲು ಪಾತ್ರೆಗೆ ಕೈ ಹಾಕಲೇ ಇಲ್ಲ ಕಣೇ, ರಾತ್ರಿಯ ರೊಟ್ಟಿ ಹಂಚನ್ನು ಒಲೆಗೇರಿಸಿದ. ಹಂಚನ್ನು ನಾವು ತೊಳೆಯುವುದಿಲ್ಲವಲ್ಲ, ಬರೀ ಒರೆಸಿಡುತ್ತೇವೆ. ಅದು ಕಾದ ಮೇಲೆ ಚಕ್ಕೆಯ ಚೂರು, ಅದರ ಮೇಲೆ ಒಂದು ಚಿಟಿಕೆ ಜೋಳದ ಹಿಟ್ಟು. ಹಿಟ್ಟು ಕೆಂಪಗಾಗುವ ತನಕ ಬೆರಳಿನಿಂದಲೇ ಆಡಿಸಿದ. ಸುಟ್ಟ ರೊಟ್ಟಿಯ ವಾಸನೆ, ಚಕ್ಕೆಯ ವಾಸನೆ ಎರಡೂ ಕೂಡಿ ಬಂತು. ಅದನ್ನು ಕುಟ್ಟಿ ಕುದಿಯುವ ನೀರಿಗೆ ಸುರಿದ. ಇಷ್ಟೇ. ಆ ಇನ್ನೊಂದೇನೋ ಜೋಳದ ಹಿಟ್ಟು!

ಯಾರು ಕಲಿಸಿದರು ಅಂತ ಕೇಳಿದೆ. ಯಾರೂ ಇಲ್ಲ, ಮೊದಲ ಸಲ ಮಾಡುವಾಗ ಹಂಚು ಒರೆಸಲು ಮರೆತಿದ್ದೆ, ರೊಟ್ಟಿಯ ಹಿಟ್ಟು ಉಳಿದಿತ್ತು, ರುಚಿ ಬಂತು, ಬಿಡಲಿಲ್ಲ ಅಂದ. ಹೋಗಲಿ, ಮಾಡಲು ಶುರು ಮಾಡಿದ್ದಾದರೂ ಯಾಕೆ ಅಂದೆ. ಬಹಳ ಹೊತ್ತು ಬೆಲ್ಲ ಕೆರೆದ. ನಿಮ್ಮಜ್ಜಿ ಇದ್ದ ಕಾಲದಲ್ಲಿ ನಿಮ್ಮವ್ವ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿಯುತ್ತಿದ್ದಳು ಅಂದ. ಆಮೇಲೆ ಒಂದೇ ಮಾತು:

“ಒಂದೀಟು ಹೆಚ್ಚಿಗಿ ಮಲಗ್ಲಿ ಅಂತ.”

ನಾನು ಕಿಟಕಿಯ ಕಡೆ ನೋಡುತ್ತ ನಿಂತೆ.

ಗುರುವಾರದ ತನಕ ದಿನಾ ನಾನು ಮಾಡಿದೆ. ಒಂದು ದಿನ ಕಹಿ, ಒಂದು ದಿನ ಅಂಬಲಿ. ಅಪ್ಪ ಬಾಯಿಂದ ಹೇಳಿಕೊಡಲಾರ, ಸಾಕು, ಬೇಕು ಅಷ್ಟೇ ಅನ್ನುತ್ತಾನೆ. ಬಸ್ಸಿನಲ್ಲಿ ಅವ್ವ ದಾರಿಯುದ್ದಕ್ಕೂ ಒಂದೇ ಮಾತು, ಏನೇ ಆಗಲಿ ಅಪ್ಪನ ಹೆಸರು ಎತ್ತಬೇಡ, ಬೀಗರ ಮನೆಯಲ್ಲಿ ಅವರ ಮರ್ಯಾದೆ ಹೋಗುತ್ತದೆ ಅಂತ.

ಮಾಧವರಂನಲ್ಲಿ ಅಜ್ಜಿ ಎಲ್ಲ ಜೋಡಿಸಿಟ್ಟಿದ್ದಳು. ಹಂಚು ಕೇಳಿದ್ದಕ್ಕೆ ಆಕೆಯ ಹುಬ್ಬು ಮೇಲೇರಿತು. ಬಾಗಿಲಿಗೆ ಒರಗಿ ಕೂತು ನೋಡತೊಡಗಿದಳು. ಪಡಸಾಲೆಯಲ್ಲಿ ಅಪ್ಪ, ತಿರುಮಲೇಶ್, ಭರತ್. ಒಳಗಿನದೆಲ್ಲ ಅವರಿಗೂ ಕಾಣುತ್ತಿತ್ತು. ನಾನು ಅತ್ತ ನೋಡುತ್ತ ಬೆರಳು ಆಡಿಸುವುದನ್ನೇ ಮರೆತೆ. ಹಿಟ್ಟು ಕೆಂಪಗಾಗುವ ಬದಲು ಕರ್ರಗಾಯಿತು, ಚಕ್ಕೆ ಹೊತ್ತಿ ಹೊಗೆ ಎದ್ದಿತು, ಎಲ್ಲರೂ ಕೆಮ್ಮಿದರು. ಅವ್ವ ನನ್ನನ್ನು ನೋಡುತ್ತಿದ್ದಳು, ಏನಾದರೂ ಒಂದು ನೆಪ ಹೇಳು ಅನ್ನುವ ಹಾಗೆ. ನನ್ನಿಂದ ಆಗಲಿಲ್ಲ. ಇವತ್ತು ನೆಪ ಹೇಳಿದರೆ ಈ ಮನೆಯಲ್ಲಿ ದಿನಾ ಬೆಳಿಗ್ಗೆ ಅದೇ ನೆಪ ಹೇಳಿಕೊಂಡು ಬದುಕಬೇಕು ಅನ್ನಿಸಿತು. ಅಜ್ಜೀ, ಆವತ್ತಿನ ಕಷಾಯ ನಾನು ಮಾಡಿದ್ದಲ್ಲ ಅಂದೆ. ಮತ್ತೆ ಯಾರು ಮಾಡಿದ್ದು ಅಂತ ಕೇಳಿದಳು. ನಾನು ಅವ್ವನ ಕಡೆ ನೋಡಿದೆ. ಕಣ್ಣಲ್ಲಿ ನೀರು ಬಂತು.

ಆಗ ಅಪ್ಪ ಎದ್ದ. ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಬಿಗಿದ. ಅಜ್ಜಿಯನ್ನು ದಾಟಿ ಒಳಗೆ ಬಂದು ಹಂಚು ಇಳಿಸಿ, ಮಾರ್ಕೆಟ್ಟಿನ ಗಂಟಲಿನಲ್ಲೇ ಹೇಳಿದ.

“ನಾ ಮಾಡಿದ್ದು. ದಿನಾ ನಾನೇ ಮಾಡ್ತೀನಿ. ಆಕಿಗೆ ಬರಂಗಿಲ್ಲ.”

ತಿರುಮಲೇಶ್ ಕಿಸಕ್ಕನೆ ನಕ್ಕ. ಜೊತೆಗೆ ಯಾರೂ ನಗಲಿಲ್ಲ, ಅವನ ನಗು ಅಲ್ಲೇ ನಿಂತಿತು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಮಾತ್ರ ಯಾರನ್ನೂ ನೋಡದೆ, ಪರರ ಮನೆಯ ಹಂಚನ್ನು ಒರೆಸಿ ಮತ್ತೆ ಒಲೆಗಿಟ್ಟ. ಚಕ್ಕೆ ಹಾಕಿದ, ಹಿಟ್ಟು ಉದುರಿಸಿದ. ಈ ಸಂಬಂಧ ಮುರಿದಂತೆಯೇ ಅಂತ ನಾನು ಕೈಚೆಲ್ಲಿದ್ದೆ. ಅಷ್ಟರಲ್ಲಿ ಭರತ್ ಎದ್ದುಬಂದು ಅಪ್ಪನ ಪಕ್ಕ ನಿಂತು ಹಂಚಿನೊಳಗೆ ಬಗ್ಗಿ ನೋಡಿದ. ಆವತ್ತಿನಿಂದ ಅಂಕಲ್, ಅಂಕಲ್ ಅಂತಿದ್ದವನು ಕೇಳಿದ್ದೇನು ಗೊತ್ತಾ?

“ಮಾವ, ಹಿಟ್ಟು ಎಷ್ಟು ಕೆಂಪಗಾಗ್ಬೇಕ್ರಿ?”

ಅಪ್ಪನ ಬೆರಳು ಹಂಚಿನ ಮೇಲೇ ನಿಂತುಬಿಟ್ಟಿತು, ಪಾಪ, ಸುಟ್ಟುಕೊಂಡ. ಭರತ್‌ನ ಕಿವಿಗಳು ಕೆಂಪಗಾದವು, ಆದರೆ ಅಂದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅಜ್ಜಿ ಎದ್ದು ಲೋಟ ಜೋಡಿಸುತ್ತ ಅಂದಳು:

“ಇನ್ನ ನಾ ಕೇಳಾದೇನೈತಿ? ಅವನೇ ಮಾವ ಅಂದುಬಿಟ್ಟ.”

ಧನುರ್ಮಾಸ ಹತ್ತುವುದರೊಳಗೆ ಎಲೆ ಅಡಿಕೆ ಶಾಸ್ತ್ರ ಮುಗಿಯಲೆಂದು ನಾಳೆಯೇ ಅವರೆಲ್ಲ ಬರುತ್ತಿದ್ದಾರೆ. ಮದುವೆ ಸಂಕ್ರಾಂತಿ ಕಳೆದ ಮೇಲೆ. ನೀನು ಮುಂಚಿತವಾಗಿ ಬಂದು ನನ್ನ ಹತ್ತಿರ ಇರಬೇಕು, ಅತ್ತೆಯ ನೆಪ ಹೇಳಿದರೆ ನೋಡು. ಮದುವೆಯ ಬೆಳಗಿನ ಕಷಾಯ ತಾನೇ ಮಾಡುವುದಾಗಿ ಅಪ್ಪ ಹಮಾಲರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಇವತ್ತು ಅಡುಗೆಮನೆಯ ಕಿಟಕಿಯನ್ನೂ ಮುಚ್ಚಲಿಲ್ಲ.

ನಿನ್ನ ದಾರಿ ಕಾಯುವ,
ಚಂದನಾ

ಇನ್ನೊಂದು ಮಾತು ಸುಹಾಸಿನಿ, ಇದು ನಿನ್ನಲ್ಲೇ ಇರಲಿ. ಇವತ್ತು ಬೆಳಿಗ್ಗೆ ಅಪ್ಪ ಒಲೆಯ ಮುಂದಿದ್ದಾಗ ನಾನು ಹಾಸಿಗೆಯಲ್ಲೇ ಅವ್ವನ ಕಡೆ ತಿರುಗಿ ನೋಡಿದೆ. ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಯಾವಾಗ ಎಚ್ಚರವಾಯಿತು ಅಂತ ಪಿಸುಮಾತಿನಲ್ಲಿ ಕೇಳಿದೆ. ಅಪ್ಪ ಕಷಾಯ ಮಾಡಿದ ಮೊದಲ ದಿನದಿಂದಲೂ ಹಂಚಿನ ಸದ್ದಿಗೇ ಎಚ್ಚರವಾಗುತ್ತದಂತೆ, ಆಮೇಲೆ ಒಂದು ದಿನವೂ ನಿದ್ದೆ ಹತ್ತಿಲ್ಲವಂತೆ. ಮತ್ತೆ ಯಾಕೆ ಏಳಲಿಲ್ಲ ಅಂದದ್ದಕ್ಕೆ ಬಾಯಿಯ ಮೇಲೆ ಬೆರಳಿಟ್ಟು ಅಂದಳು, “ನಾ ಎದ್ರ ನಿಮ್ಮಪ್ಪ ಮಾಡಾದು ಬಿಟ್ಟುಬಿಡ್ತಾನ.”