ಮಂಗೇಶ ಭಾವ ತಿಂದ ಹಣ್ಣು

ಕೇಣಿ, ಅಂಕೋಲಾ
೧೪ ಮೇ ೨೦೦೪

ಮಂಜಗುಣಿಯ ಸೋದರತ್ತೆಯ ಅಡುಗೆಮನೆಯಲ್ಲಿ ಬಲಗೈ ಪ್ಲಾಸ್ಟರ್ ಸಮೇತ ವಿರಾಜಮಾನಳಾಗಿರುವ, ಮಾಜಾಳಿ ಸಂಸ್ಥಾನವನ್ನೇ ತೊರೆದು ಬಂದ ಶ್ರೀಮನ್ಮಹಾರಾಣಿ ವಿನುತಕ್ಕನವರ ಪಾದಾರವಿಂದಗಳಿಗೆ ತಂಗಿ ಮನಿಷಾಳ ಸಾಷ್ಟಾಂಗ ಪ್ರಣಾಮಗಳು. ಹಲ್ಲೊಂದು ಅಲುಗಾಡುತ್ತಿರುವುದರಿಂದ ಮುಖವನ್ನು ನೆಲಕ್ಕೆ ತಾಗಿಸಿಲ್ಲ, ಕ್ಷಮಿಸಬೇಕು.

ನಿನ್ನ ಪತಿದೇವರು ಮಂಗೇಶ ಭಾವ ನಿನ್ನೆ ನಿನ್ನನ್ನು ಕರೆದೊಯ್ಯಲು ಚಿತ್ತೈಸಿದ್ದರು. ನೀನು ಬಾವಿಕಟ್ಟೆಯಲ್ಲಿ ಜಾರಿಬಿದ್ದೇ ಕೈ ಮುರಿದುಕೊಂಡದ್ದು ಎಂದು ಮತ್ತೊಮ್ಮೆ ಆಣೆ ಮಾಡಿದರು. ಅಪ್ಪ ನಂಬಿ, ಸೋಮವಾರ ನಿನ್ನನ್ನು ಕಳಿಸುವುದಾಗಿ ಒಪ್ಪಿಯೂ ಬಿಟ್ಟ. ಆದರೆ ಸೋಮವಾರದ ತನಕ ತಾಳ್ಮೆ ಯಾರಿಗೆ? ಅಪ್ಪ ದೋಣಿಗೆ ಹೋದದ್ದೇ ತಡ, ಭಾವ ನನ್ನ ಜಡೆ ಹಿಡಿದು, "ಎಲ್ಲಿ ಅಡಗ್ಸಿಟ್ಟೀರೇ ಅವಳ್ನ?" ಎಂದರು. ಗುಡ್ಡದಾಚೆ ಎಂದು ಸುಳ್ಳು ಹೇಳಿದೆ. ತೋರಿಸು ಎಂದು ಎಳೆದುಕೊಂಡೇ ನಡೆದರು. ದಾರಿಯಲ್ಲಿ ಎರಡು ಸಲ ಕಪಾಳಕ್ಕೆ ಬಿತ್ತು. ಹಲ್ಲಿನ ಕಥೆ ಇಷ್ಟೇ.

ಗುಡ್ಡದ ನೆತ್ತಿಯಲ್ಲಿ ಬಾಯಾರಿ, ಕವಳಿ ಹಣ್ಣಿನ ಗಿಡದ ಪಕ್ಕದ ಪೊದೆಯಿಂದ ಕಪ್ಪು ಹಣ್ಣುಗಳನ್ನು ಮುಷ್ಟಿ ಮುಷ್ಟಿಯಾಗಿ ಬಾಯಿಗೆ ಹಾಕಿಕೊಂಡರು. ಬಾಲ ನೋಡಿಯೇ ಮೀನು ಗುರುತಿಸುವ ಮನುಷ್ಯ, ಗುಡ್ಡದ ಹಣ್ಣಿನಲ್ಲಿ ಶುದ್ಧ ಕುರುಡ! "ಇದು ಕವಳಿನೇ ಅಲ್ವನೇ?" ಎಂದು ಕೇಳಿದ್ದು ನುಂಗಿದ ಮೇಲೆ.

ನಾನು ಕೈಮುಗಿದು, "ಅಲ್ಲ ಭಾವಾ. ಇದ್ನ ತಿಂದ್ರೆ ಎಮ್ಮೆನೂ ಉಳೂದಿಲ್ಲ. ಮೊದ್ಲು ಗಂಟ್ಲು ಕಟ್ತದೆ, ಆಮೇಲೆ ಕರುಳು ಹರೀತದೆ" ಎಂದೆ.

ಮೂರನೇ ಏಟಿಗೆ ಎತ್ತಿದ ಕೈ ನೇರ ಗಂಟಲಿಗೆ ಹೋಯಿತು. ಕುತ್ತಿಗೆ ಪರಚಿಕೊಂಡರು, ಬೆರಳು ಹಾಕಿ ಕಕ್ಕಿದರು, ಉರುಳಾಡುವಾಗ ಚಿರೇಕಲ್ಲಿಗೆ ಹಣೆ ಬಡಿದು ರಕ್ತ ಸುರಿಯಿತು. ಔಷಧಿ ಹೇಳೇ ಎಂದು ಗೋಗರೆದರು. ಹೇಳುತ್ತೇನೆ, ಮೊದಲು ಅಕ್ಕನ ಕೈ ಮುರಿದದ್ದು ಹೇಗೆಂದು ಹೇಳಿ, ಪಾಪ ಹೊತ್ತು ಸಾಯಬೇಡಿ ಎಂದೆ. ಕೆಳಗೆ ಸೌದೆ ಆಯುತ್ತಿದ್ದ ತಿಮ್ಮ, ಅವನ ಹೆಂಡತಿ ಕಮಲಿ ಇಬ್ಬರಿಗೂ ಕೇಳುವ ಹಾಗೆ ಅರಚಿದರು: "ನಾನೇ ಹೊಡ್ದೆ! ದೋಣಿ ಹುಟ್ಟಲ್ಲಿ ಹೊಡ್ದೆ! ಸಾರಿಗೆ ಉಪ್ಪು ಜಾಸ್ತಿ ಆಗಿತ್ತು!"

ಔಷಧಿಯೆಂದು ಒಂದು ಹಿಡಿ ಮಣ್ಣು ತಿನ್ನಿಸಿದೆ.

ಸಂಜೆ ಭಾವನನ್ನು ಮನೆತನಕ ನಡೆಸಿಕೊಂಡು ಬಂದ ತಿಮ್ಮ ಎಲ್ಲವನ್ನೂ ಅಪ್ಪನ ಮುಂದೆ ಹೇಳಿದ. ಅಪ್ಪ ಭಾವನ ಕಾಲರ್ ಹಿಡಿದು ಅಂಗಳಕ್ಕೆ ನೂಕಿದ. ಆಯಿ ಮೀನು ಕೊಯ್ಯುವ ಕತ್ತಿ ಹಿಡಿದು ಬಾಗಿಲಲ್ಲಿ ನಿಂತಳು: "ನನ್ ಮಗಳ ಇನ್ನೊಂದು ಕೈನೂ ಬೇಕನಾ ನಿಂಗೆ? ಬಾ, ತಕಂಡ್ ಹೋಗು." ಸೋಮವಾರ ನೀನು ಎಲ್ಲಿಗೂ ಹೋಗುವುದಿಲ್ಲ ಅಕ್ಕಾ. ಅಪ್ಪನೇ ಹೇಳಿದ.

ಹೆದರಬೇಡ, ಭಾವನ ಪ್ರಾಣಕ್ಕೆ ಏನೂ ಆಗಿಲ್ಲ. ಅದು ನಿರಪಾಯದ ಹಣ್ಣೆಂದು ನನಗೆ ಮೊದಲೇ ಗೊತ್ತಿತ್ತು. ಈ ಶಾಸ್ತ್ರದಲ್ಲಿ ಕೇಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಇಂತಿ,
ನಿನ್ನ ಕೈ ಕೂಡುವ ತನಕ ನಿನ್ನ ಪರವಾಗಿ ಕಚ್ಚಲು ಸಿದ್ಧಳಾದ (ಎಡದವಡೆಯಿಂದ ಮಾತ್ರ)
ಮನಿಷಾ

ತಾ.ಕ.: ಅದು ಯಾವ ಹಣ್ಣೆಂದು ನನಗೆ ಗೊತ್ತಿರಲಿಲ್ಲ. ಕಮಲಿಗೆ ತೋರಿಸಿದೆ, ಅವಳಿಗೂ ಗೊತ್ತಿಲ್ಲ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಿಗ್ಗೆ ಭಾವ ಬೈಯುತ್ತಾ ಕಾರವಾರದ ಬಸ್ಸು ಹತ್ತಿದರೆಂದು ತಮ್ಮ ಕಿಶನ ಬಂದು ಹೇಳಿದ ಮೇಲೆಯೇ ಬರೆಯಲು ಕೂತೆ. ತಿನ್ನುವ ಹಣ್ಣೇ ಇರಬೇಕು.